ಸೋಮವಾರದ ಶರಬತ್ತು

ಉಪವಾಸ ಕೂರಬೇಕೆಂಬುದರ ಬಗ್ಗೆ ಸಂಘದಲ್ಲಿ ಯಾರದೂ ತಕರಾರು ಇರಲಿಲ್ಲ. ಯಾವ ದಿನ ಯಾರು ಕೂರಬೇಕೆಂಬ ಮಾತು ಬಂದಾಗ ದೇವರುಗಳು ನಡುವೆ ಬಂದರು.

ಲಿಂಗಸುಗೂರಿನಲ್ಲಿ, ಆಸ್ಪತ್ರೆಯ ಹಿಂದಿನ ಬೇವಿನ ಗಿಡದ ಕೆಳಗೆ ಸಭೆ ಸೇರಿತ್ತು. ಸಿಂಧನೂರು, ಲಿಂಗಸುಗೂರು ಎರಡೂ ತಾಲ್ಲೂಕಿನ ಆರೋಗ್ಯ ನೌಕರರ ಸಂಘಕ್ಕೆ ಕಾರ್ಯದರ್ಶಿ ಮುದುಕಪ್ಪ. ಹೆಲ್ತ್ ಇನ್ಸ್‌ಪೆಕ್ಟರ್, ಹೆಸರಿನ ವಯಸ್ಸು ಇನ್ನೂ ಬಂದಿರಲಿಲ್ಲ, ಆದರೆ ಭಾಷಣ ಮಾಡುವಾಗ ಅದನ್ನು ತಂದುಕೊಳ್ಳುತ್ತಿದ್ದ.

"ಸರದಿ ಉಪವಾಸ ಅಂದ್ರ ಹಗರ ಕೆಲಸ," ಎಂದು ಧೈರ್ಯ ಹೇಳಿದ. "ಇವತ್ತು ಕುಂತವ್ರು ನಾಳೆ ಉಣ್ತಾರ. ನಾಳೆ ಕುಂದ್ರವ್ರು ಇವತ್ತ ಉಂಡಿರ್ತಾರ. ಹಸಿವಿ ಸಂಘದ್ದು, ಹೊಟ್ಟಿ ಅಷ್ಟ ನಿಮ್ಮದು."

"ಹಂಗಾದ್ರ ನಂದು ಸೋಮವಾರ ಹಿಡೀರಿ," ಎಂದಳು ಕಲ್ಯಾಣಮ್ಮ. ಸಿಂಧನೂರಿನ ಹೆಲ್ತ್ ವಿಸಿಟರ್, ಸಂಘದ ಉಪಾಧ್ಯಕ್ಷೆ, ಹಣೆ ತುಂಬ ವಿಭೂತಿ ಇಟ್ಟುಕೊಂಡೇ ಚುಚ್ಚುಮದ್ದು ಹಾಕುವವಳು. "ಶ್ರಾವಣ ಸೋಮವಾರ ಹೆಂಗೂ ನಾ ದೀಪ ಹಚ್ಚೂತನಾ ನೀರ ಬಿಟ್ರ ಏನೂ ಮುಟ್ಟಂಗಿಲ್ಲ. ಎರಡೂ ಒಂದ್ರಾಗ ಆಕ್ಕಾವು."

ಇದು ಎಲ್ಲರಿಗೂ ಭಾಳ ಜಾಣತನದ ಮಾತಾಗಿ ಕಂಡಿತು. ಶ್ರಾವಣ ಸೋಮವಾರ ಹಿಡಿಯುವ ಮನೆತನದವರು ಇನ್ನೂ ನಾಲ್ಕು ಮಂದಿ ಕೈ ಎತ್ತಿದರು. ಕಂಪೌಂಡರ್ ಆದೆಪ್ಪ ತನ್ನದು ಹನುಮಪ್ಪನ ಶನಿವಾರ ಎಂದ. ಮಂತ್ರಾಲಯಕ್ಕೆ ನಡೆದುಕೊಳ್ಳುವವರು ಬೇಸ್ತವಾರ ಹಿಡಿದರು. ಮಂಗಳವಾರ, ಶುಕ್ರವಾರ ಎಲ್ಲಮ್ಮನ ಒಕ್ಕಲಿನವರ ಪಾಲಾದವು. ಆಸ್ಪತ್ರೆಯ ಸ್ಟಾಫ್ ನರ್ಸ್ ಸರ್ದಾರಬಿ, "ಮೊಹರಮ್ಮಿಂದು ನಂದೂ ಎರಡು ರೋಜಾ ಅದಾವ್ರಿ. ಅಲ್ಲಾನ ಕಡಿಂದ್ಲೂ ಸಂಘಕ್ಕ ಒಂದು ಪಾಲು ಇರ್ಲಿ," ಎಂದಳು.

"ದೇವ್ರಿಗೆ ಮಾಡೋ ಉಪವಾಸ ಸಂಘದ ಲೆಕ್ಕಕ್ಕ ಹಚ್ಚೋದು ಸರಿ ಏನ್ರಿ ಅಕ್ಕಾರ?" ಎಂದು ಮುದುಕಪ್ಪ ಕೇಳಿದ.

"ಅವ ಬ್ಯಾಡ ಅಂದಾನೇನು?" ಎಂದಳು ಕಲ್ಯಾಣಮ್ಮ. "ನಿಮಗೇನು ತ್ರಾಸ?"

ತ್ರಾಸು ಏನೆಂದು ಅವನಿಗೆ ಆಮೇಲೆ ತಿಳಿಯಿತು. ಯಾವ ದೇವರೂ ಹಕ್ಕು ಹೂಡದೆ ಉಳಿದದ್ದು ಬುಧವಾರ ಮತ್ತು ಆಯ್ತವಾರ. ಅವು ಕಾರ್ಯದರ್ಶಿಯ ಕೊರಳಿಗೆ ಬಿದ್ದವು. ಅವನೋ ಹೊತ್ತಿಗೆ ಸರಿಯಾಗಿ ಎರಡು ರೊಟ್ಟಿ ಬೀಳದಿದ್ದರೆ ಕಂಡವರ ತಪ್ಪು ಹುಡುಕುತ್ತ ತಿರುಗುವವನು.

ಇಷ್ಟೆಲ್ಲ ಗ್ಯಾನಮ್ಮನ ಸಲುವಾಗಿ. ಅವಳು ಗೊರೇಬಾಳದ ಆಚೆ, ಕಾಲುವೆ ದಂಡೆಯ ನಾಗರಕಟ್ಟಿ ಎಂಬ ಊರಿನ ಉಪಕೇಂದ್ರದ ನರ್ಸು. ಉಪಕೇಂದ್ರವೆಂದರೆ ಎರಡು ಕೋಣೆ: ಒಂದರಲ್ಲಿ ಹೆರಿಗೆ, ಇನ್ನೊಂದರಲ್ಲಿ ಗ್ಯಾನಮ್ಮ. ಬೇಸಿಗೆ ಬೆಳೆ ಬಂದಾಗ ಮಂಡಲ ಪಂಚಾಯತಿಯ ಪ್ರಧಾನ ದೊಡ್ಡಬಸಪ್ಪನವರ ಭತ್ತ ಅವರ ಮನೆಯಲ್ಲಿ ಹಿಡಿಸದೆ, ಹೆರಿಗೆ ಕೋಣೆಗೆ ಬಂದು ಚೀಲದ ಮೇಲೆ ಚೀಲ ಕೂತಿತು. ಹೋದ ವರ್ಷವೂ ಕೂತಿತ್ತು. ಸರ್ಕಾರಿ ಗೋಡೆ ಗಟ್ಟಿ, ಇಲಿ ಕಡಿಮೆ ಎಂದು ಪ್ರಧಾನರು ಹೊಗಳಿದ್ದರು. ಈ ಸಲ ನೋವು ತಿನ್ನುತ್ತ ಒಬ್ಬ ಹೆಣ್ಣುಮಗಳು ಬಂದಾಗ ಗ್ಯಾನಮ್ಮ ಹಾದಿಯಲ್ಲಿದ್ದ ಗಂಡಸರನ್ನು ಕರೆದು ಚೀಲಗಳನ್ನೆಲ್ಲ ಅಂಗಳಕ್ಕೆ ಹಾಕಿಸಿದಳು. ಅವತ್ತೇ ಸಂಜೆ ಯಾರೂ ಕರೆಯದ ಮಳೆ ಬಂತು. ಕೂಸು ಒಣ ಜಾಗದಲ್ಲಿ ಹುಟ್ಟಿತು. ಭತ್ತ ಅಂಗಳದಲ್ಲಿ ಮೊಳೆಯಿತು.

ಪ್ರಧಾನರು ಒಂದು ಮಾತೂ ಬೈಯಲಿಲ್ಲ. ಒಮ್ಮೆ ಜಿಲ್ಲೆಗೆ ಹೋಗಿಬಂದರು, ಅಷ್ಟೆ. ಗ್ಯಾನಮ್ಮನಿಗೆ ಯಲಬುರ್ಗಾದ ಆಚೆಯ ಒಂದು ಊರಿಗೆ ವರ್ಗವಾಯಿತು. ಅವಳ ಗಂಡ ಮಾನಪ್ಪ ಹಟ್ಟಿಯ ಚಿನ್ನದ ಗಣಿಯಲ್ಲಿ ನೆಲದ ಕೆಳಗೆ ಪಾಳಿ ಮಾಡುವವನು. ವಾರದ ರಜೆಗೆ ಬಸ್ಸು ಬದಲಿಸಿ ನಾಗರಕಟ್ಟಿಗೆ ಬಂದು, ಮರುದಿನ ಓಡುತ್ತಿದ್ದ. ಇಬ್ಬರ ಸಂಸಾರ ಆ ಒಂದು ದಿನದ ಮೇಲೆ ನಿಂತಿತ್ತು. ಯಲಬುರ್ಗಾದ ಆಚೆಗಾದರೆ ಆ ದಿನ ಪೂರ್ತಿ ಬಸ್ಸಿನಲ್ಲೇ ಕಳೆಯುತ್ತಿತ್ತು. ಗ್ಯಾನಮ್ಮ ಹೊಸ ಊರಿಗೆ ಹೋಗದೆ ರಜೆ ಹಾಕಿದಳು. ಆ ರಜೆ ಶ್ರಾವಣದ ಎರಡನೆಯ ಸೋಮವಾರಕ್ಕೆ ಮುಗಿಯುತ್ತಿತ್ತು. ಮಂಗಳವಾರ ಬೆಳಿಗ್ಗೆ ಅವಳು ಅಲ್ಲಿ ಹಾಜರಿರಬೇಕು, ಇಲ್ಲವೇ ವರ್ಗ ನಿಲ್ಲಬೇಕು. ಎರಡೂ ಆಗದಿದ್ದರೆ ನೌಕರಿಗೇ ಸಂಚಕಾರ.

ಲಿಂಗಸುಗೂರಿನ ಉಪವಿಭಾಗದ ಕಚೇರಿಯ ಎದುರು ಡೇರೆ ಎದ್ದಿತು. ಗ್ಯಾನಮ್ಮ ಉಪವಾಸ ಕೂರುವಂತಿಲ್ಲ, ಕೂತರೆ ಶಿಸ್ತುಕ್ರಮ ಜರುಗಿಸುತ್ತಾರೆಂದು ಸಂಘ ಅವಳನ್ನು ದೂರವಿಟ್ಟಿತ್ತು. ಅವಳು ದಿನವೂ ಬಂದು, ಡೇರೆಯ ಹೊರಗೆ ಬಿಸಿಲಲ್ಲಿ ನಿಂತು ಹೋಗುತ್ತಿದ್ದಳು.

ಬುಧವಾರ ಮುದುಕಪ್ಪ ಕೂತ. ಮಧ್ಯಾಹ್ನಕ್ಕೆ ಮೊದಲೇ ಅವನಿಗೆ ಎದುರಿನ ಹೋಟೆಲಿನ ಒಗ್ಗರಣೆಯ ಸಾಸಿವೆ ಸಿಡಿಯುವುದು ಕಿವಿಯಲ್ಲೇ ಕೇಳಿಸತೊಡಗಿತು. ಎದ್ದು ಡೇರೆಯ ಹಗ್ಗ ಬಿಗಿ ಮಾಡಿದ. ಬಿಗಿಯಾಗಿದ್ದ ಹಗ್ಗವನ್ನು ಬಿಚ್ಚಿ ಮತ್ತೆ ಬಿಗಿದ. ಕೂತವರಿಗೆ, "ಘೋಷಣೆ ಹಾಕ್ರಿ, ಸುಮ್ಮ ಕುಂತ್ರ ಯಾರು ನೋಡ್ತಾರ," ಎಂದ. ಘೋಷಣೆ ಹಾಕಿದರೆ, "ತಲಿ ನೋಯ್ತದ, ಸಾವಕಾಶ," ಎಂದ.

ನೋಡಲು ಯಾರೂ ಇರಲೂ ಇಲ್ಲ. ಮೊಹರಮ್ಮಿನ ದಿನಗಳು. ಕಚೇರಿಯ ಸಾಹೇಬರು, ಪೊಲೀಸರು, ಕೊನೆಗೆ ಜವಾನರು ಕೂಡ ಮುದಗಲ್ಲಿನ ಜಾತ್ರೆಯ ಬಂದೋಬಸ್ತಿಗೆ ಹೋಗಿದ್ದರು. ಹಲಗೆ ಬಡಿಯುತ್ತ ಟ್ರ್ಯಾಕ್ಟರುಗಳು ಮುದಗಲ್ಲಿನ ಕಡೆ ಸಾಗುತ್ತಿದ್ದವು. ಮೇಲೆ ಕೂತವರು ಡೇರೆ ನೋಡಿ, "ಇದು ಯಾವ ದರ್ಗಾದ್ದಲೇ?" ಎಂದು ಕೇಳಿ ಮುಂದೆ ಹೋದರು.

ಅದಕ್ಕಿಂತ ಚುಚ್ಚಿದ್ದು ಜಿಲ್ಲೆಯಿಂದ ಬಂದ ಮಾತು. ವರ್ಗದ ಆದೇಶಕ್ಕೆ ಸಹಿ ಮಾಡಿದ ಇಲಾಖೆಯ ಸಾಹೇಬರು ನಕ್ಕು ಹೀಗೆಂದರಂತೆ: "ಸೋಮವಾರ ಶಿವಂದು, ಶನಿವಾರ ಹನುಮಪ್ಪಂದು. ಅವ್ರು ದೇವ್ರ ಎದುರು ಕುಂತಾರ. ನಡುವ ನಾ ಯಾಕ ಹೋಗ್ಲಿ?"

"ನಾ ಅವತ್ತ ಹೇಳಿದ್ನಿಲ್ಲ?" ಎಂದು ಮುದುಕಪ್ಪ ಕಲ್ಯಾಣಮ್ಮನ ಮುಂದೆ ಹಾರಾಡಿದ. "ಬುಧವಾರದ ಉಪವಾಸ ಒಂದ ಅಸಲಿ. ಉಳಿದದ್ದೆಲ್ಲಾ ಮನ್ಯಾಗ ಮಾಡೂದು ರಸ್ತೇದಾಗ ಮಾಡಿದಂಗಾತು."

"ನಿಮ್ಮ ಅಸಲಿ ನೋಡೀನಲ್ಲ," ಎಂದಳು ಅವಳು. "ಸಂಜಿ ಆರಾತನಾ ಹತ್ತು ಮಂದಿ ಕೂಡ ಜಗಳಾ ತಗದೀರಿ. ಅಂಥಾ ಉಪವಾಸ ಶಿವಾನೂ ಒಲ್ಲ, ಸರಕಾರಾನೂ ಒಲ್ಲದು."

ಆಯ್ತವಾರವೂ ಹಾಗೇ ಕಳೆಯಿತು. ಆಯ್ತವಾರ ಕಚೇರಿಗೇ ಬೀಗ. ಮುದುಕಪ್ಪ ಇಡೀ ದಿನ ಒಂದು ಬೀಗದ ಎದುರು ಹಸಿದು ಕೂತ. ಸಂಜೆ ಗ್ಯಾನಮ್ಮ ಹತ್ತಿರ ಬಂದು, "ಅಣ್ಣಾರ, ನಾಳೀಗೆ ಏನೂ ಆಗ್ಲಿಲ್ಲಂದ್ರ ನಾ ಯಲಬುರ್ಗಾಕ ಹೋಗ್ತೀನಿ. ಮಂದಿ ನನ್ನ ಸಲುವಾಗಿ ಎಷ್ಟಂತ ಕುಂದ್ರತಾರ," ಎಂದಳು.

"ನೀ ಹೋದ್ರ ಸಂಘ ಯಾಕ ಬೇಕು?" ಎಂದ ಅವನು. ಸಿಟ್ಟಿನಿಂದಲೇ ಎಂದ. ಆದರೆ ಅವಳ ಮುಖ ನೋಡಿದ ಮೇಲೆ ಆ ರಾತ್ರಿ ಉಂಡ ರೊಟ್ಟಿಯೂ ಅವನಿಗೆ ರುಚಿಸಲಿಲ್ಲ.

ಸೋಮವಾರ ಕಲ್ಯಾಣಮ್ಮನ ಐದು ಮಂದಿ ಡೇರೆಯಲ್ಲಿ ಕೂತರು. ಹಿಂದಿನ ದಿನದ ಹಸಿವೆಯ ಸೇಡನ್ನು ಮುದುಕಪ್ಪ ಎದುರಿನ ಹೋಟೆಲಿನಲ್ಲಿ ತೀರಿಸಿಕೊಳ್ಳುತ್ತಿದ್ದ. ಪುಠಾಣಿ ಹಿಟ್ಟು ಉದುರಿಸಿದ ಒಂದು ತಾಟು ಮಂಡಕ್ಕಿ ಒಗ್ಗರಣೆ, ಅದರ ಮೇಲೆ ಮಿರ್ಚಿ ಭಜಿ. ಪಕ್ಕದಲ್ಲಿ ರಾಯಚೂರಿನ ಒಂದು ಪತ್ರಿಕೆಯ ವರದಿಗಾರ, ಕೊರಳಲ್ಲಿ ಕ್ಯಾಮೆರಾ; ಅವನೂ ಅದನ್ನೇ ತಿನ್ನುತ್ತಿದ್ದ. ಅವನು ಬಂದದ್ದು ಸಂಘಕ್ಕಾಗಿ ಅಲ್ಲ. ಸಂಜೆ ಮಂತ್ರಿಗಳು ಇದೇ ರಸ್ತೆಯಲ್ಲಿ ಮುದಗಲ್ಲಿಗೆ ಹೋಗುವವರಿದ್ದರು.

ಮೂರನೆಯ ಮಿರ್ಚಿ ಕೈಯಲ್ಲಿದ್ದಾಗ ಡೇರೆಯ ಮುಂದೆ ಜೀಪು ನಿಂತಿತು. ಇಲಾಖೆಯ ಸಾಹೇಬರೇ ಇಳಿದರು. ಹಿಂದೆ ಒಬ್ಬ ಗುಮಾಸ್ತ, ಅವನ ಹಿಂದೆ ಜವಾನ. ಜವಾನನ ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ನಿಂಬೆ ಶರಬತ್ತಿನ ಗ್ಲಾಸುಗಳು.

ಮುದುಕಪ್ಪ ಕೈ ಒರೆಸಿಕೊಳ್ಳುತ್ತ ಓಡಿಬಂದ, ಹಿಂದೆಯೇ ಕ್ಯಾಮೆರಾ ಎತ್ತಿಕೊಂಡು ವರದಿಗಾರ. ಸಾಹೇಬರು ಡೇರೆಯನ್ನೂ ರಸ್ತೆಯನ್ನೂ ಒಮ್ಮೆ ಅಳೆದರು. ಮಂತ್ರಿಗಳ ಕಾರು ಹಾಯುವ ಹಾದಿಯಲ್ಲಿ ಡೇರೆಯ ಬ್ಯಾನರು, ಬ್ಯಾನರಿನ ಮೇಲೆ ಇಲಾಖೆಯ ಹೆಸರು.

"ಸಾಕು ಮಾಡ್ರಿ ಕಾರ್ಯದರ್ಶಿಗಳ," ಎಂದರು ಸಾಹೇಬರು, ಬಹಳ ಸಮಾಧಾನದಿಂದ. "ಆ ಹೆಣ್ಣುಮಗಳ ವರ್ಗ ನಿಲ್ಲಸೋ ವಿಚಾರ ಮಾಡೋಣಂತ. ಶರಬತ್ತು ಕುಡೀಲಿ, ಒಂದು ಫೋಟೋ ಆಗ್ಲಿ, ಡೇರೆ ಬಿಚ್ಚ್ರಿ. ನಾಕರ ಒಳಗ ರಸ್ತೆ ಖುಲ್ಲಾ ಆಗಬೇಕು."

"ವಿಚಾರ ಅಂದ್ರ, ಸಾಹೇಬ್ರ?"

"ಅಂದ್ರ ಮಾಡೂದ. ಮೊದಲ ಉಪವಾಸ ಮುಗೀಲಿ. ಹಟದ ಮುಂದ ಸರಕಾರ ಬಗ್ಗಂಗಿಲ್ಲ, ನಿಮಗ ಗೊತ್ತದ."

ಮುದುಕಪ್ಪ ಡೇರೆಯ ಹೊರಗಿದ್ದ ಗ್ಯಾನಮ್ಮನ ಕಡೆ ನೋಡಿದ. ಅವಳು ಎರಡೂ ಕೈಯಿಂದ ಸೆರಗಿನ ತುದಿ ಹಿಂಡುತ್ತಿದ್ದಳು. ಬಾಯಿಮಾತು ಗಾಳಿಯ ಮಾತೆಂದು ಅವನಿಗೆ ಗೊತ್ತಿತ್ತು. ಆದರೆ ಆ ಗಾಳಿಯೂ ಇವತ್ತಿನ ಹೊರತು ಬೀಸುವುದಿಲ್ಲ ಎಂಬುದೂ ಗೊತ್ತಿತ್ತು. ತಟ್ಟೆಯಿಂದ ಒಂದು ಗ್ಲಾಸು ತೆಗೆದು ಸಾಹೇಬರ ಕೈಗೆ ಕೊಟ್ಟು, ಕಲ್ಯಾಣಮ್ಮನ ಮುಂದೆ ಕರೆದುಕೊಂಡು ಹೋದ.

"ಅಕ್ಕಾರ, ತಗೋರಿ."

ಕಲ್ಯಾಣಮ್ಮ ಗ್ಲಾಸಿನ ಕಡೆ ನೋಡಿದಳು, ಸೂರ್ಯನ ಕಡೆ ನೋಡಿದಳು. "ಈಗ ಹೆಂಗ್ರಿ? ದೀಪ ಹಚ್ಚಬೇಕಲ್ಲ."

"ಉಪವಾಸ ಮುಗಸಾಕ ಸಾಹೇಬ್ರ ಖುದ್ದು ಬಂದಾರ."

"ಸಂಘದ್ದು ಮುಗೀತು ಅಂತ ಹೇಳ್ರಿ. ನಂದು ಮುಗದಿಲ್ಲ. ಶರಬತ್ತಿನ್ಯಾಗ ಉಪ್ಪು ಐತಿ, ಸಕ್ರಿ ಐತಿ. ಮದುವಿ ಆಗಿ ಬಂದಾಗಿಂದ ಶ್ರಾವಣ ಸೋಮವಾರ ನಾ ಹಗಲಹೊತ್ತು ಉಪ್ಪು ಮುಟ್ಟಿಲ್ಲ."

ಉಳಿದ ನಾಲ್ವರೂ ಅವಳ ಮುಖ ನೋಡಿ, ತಮ್ಮ ತಮ್ಮ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡರು. ಸಾಹೇಬರ ಕೈಯಲ್ಲಿ ಗ್ಲಾಸು ಹಾಗೇ ಇತ್ತು. ವರದಿಗಾರ ಕ್ಯಾಮೆರಾ ಇಳಿಸಿದ.

"ನಾ ಕುಂದ್ರತೀನಿ, ನನಗ ಕೊಡ್ರಿ," ಎಂದು ಮುದುಕಪ್ಪ ಚಪ್ಪಲಿ ಕಳಚಿದ.

"ಕಾರ್ಯದರ್ಶಿಗಳ," ಎಂದ ವರದಿಗಾರ, "ನನ್ನ ಕೂಡ ಈಗರ ಮಿರ್ಚಿ ತಿಂದೀರಿ. ನಾ ಹೆಂಗ ಫೋಟೋ ಹೊಡೀಲಿ? ಮೀಸಿಗಿ ಇನ್ನಾ ಪುಠಾಣಿ ಹಿಟ್ಟು ಹತ್ತೇತಿ."

ಡೇರೆಯ ಹಿಂದೆ ಸೇರಿದ್ದ ಮಂದಿ ನಕ್ಕರು. ಮುದುಕಪ್ಪ ಮೀಸೆ ಒರೆಸಿಕೊಂಡು ಮತ್ತೆ ಚಪ್ಪಲಿ ಮೆಟ್ಟಿದ. ಸಿಸ್ಟರ್ ಸರ್ದಾರಬಿ ಡ್ಯೂಟಿಯ ನಡುವೆ ಓಡಿಬಂದು ನಿಂತಿದ್ದಳು, ಅವಳನ್ನು ನೋಡಿದ.

"ನನ್ನ ಯಾಕ ನೋಡ್ತೀರಿ?" ಎಂದಳು ಅವಳು. "ನನ್ನ ರೋಜಾ ನಾಳಿಂದ. ಇವತ್ತ ಮುಂಜಾಲೆ ಸುಸಲಾ ತಿಂದೀನಿ."

ಸಾಹೇಬರು ಗಡಿಯಾರ ನೋಡಿಕೊಂಡರು. "ನೋಡ್ರಿ, ನಂದೇನೂ ತಪ್ಪಿಲ್ಲ. ನಾ ಬಂದೆ, ನೀವ ಒಲ್ಲೆ ಅಂದ್ರಿ," ಎಂದು ಜೀಪಿನ ಕಡೆ ಹೊರಳಿದರು. ಮಂತ್ರಿಗಳ ಬೆಂಗಾವಲಿನ ಪೊಲೀಸರಿಗೆ ಹೇಳಿ ಡೇರೆ ಎತ್ತಿಸುವುದು ಅವರಿಗೇನೂ ಕಷ್ಟವಿರಲಿಲ್ಲ. ನಾಳೆ ಮಂಗಳವಾರ. ಮುದುಕಪ್ಪನಿಗೆ ಒಂದೇ ಕ್ಷಣದಲ್ಲಿ ಯಲಬುರ್ಗಾದ ಬಸ್ಸು, ಅದರೊಳಗೆ ಟ್ರಂಕಿನ ಮೇಲೆ ಕೂತ ಗ್ಯಾನಮ್ಮ, ಎಲ್ಲ ಕಂಡವು. ಅವನು ಕಲ್ಯಾಣಮ್ಮನ ಮುಂದೆ ಕುಕ್ಕರಗಾಲಲ್ಲಿ ಕೂತ. ಭಾಷಣದ ದನಿ ಬಿಟ್ಟು ಮೆಲ್ಲಗೆ ಹೇಳಿದ:

"ಅಕ್ಕಾರ, ನಿಮ್ಮ ಕಾಲು ಹಿಡೀತೀನಿ. ಆಕಿ ನಾಳೆ ಹೋಗಬೇಕಾಗ್ತದ."

ಕಲ್ಯಾಣಮ್ಮ ಗ್ಯಾನಮ್ಮನ ಕಡೆ ನೋಡಿದಳು. ಆಮೇಲೆ ಸೆರಗು ಸರಿಮಾಡಿಕೊಂಡು, "ಸಾಹೇಬ್ರ, ಸ್ವಲ್ಪ ನಿಂದ್ರಿ," ಎಂದು ಕರೆದಳು.

ಸಾಹೇಬರು ತಿರುಗಿದರು. ಅವರ ಹಣೆಯ ಮೇಲೂ ವಿಭೂತಿಯ ಪಟ್ಟೆಗಳು ಬೆವರಿನಲ್ಲಿ ಕದಡಿದ್ದವು.

"ನಿಮ್ದೂ ಇವತ್ತ ಸೋಮವಾರ ಐತೇನ್ರಿ?"

ಸಾಹೇಬರು ಹಣೆ ಮುಟ್ಟಿಕೊಂಡು, "ಹೌದ್ರಿ," ಎಂದರು. "ನಮ್ಮನ್ಯಾಗೂ ಪದ್ಧತಿ ಐತಿ."

"ದೀಪ ಹಚ್ಚೂತನಾ?"

"ದೀಪ ಹಚ್ಚೂತನಾ."

"ಹಂಗಾದ್ರ ನೀವೂ ಹಸಗೊಂಡ ಬಂದೀರಿ. ನಾ ಕುಡೀತೀನಿ ಅದನ್ನ. ಖರೆ ಒಬ್ಬಾಕೀನ ಕುಡ್ಯಂಗಿಲ್ಲ. ಅರ್ಧಾ ನೀವು ಕುಡೀರಿ, ಅರ್ಧಾ ನಾ ಕುಡೀತೀನಿ. ಆಕಿ ಸಲುವಾಗಿ ನಾ ನನ್ನ ಸೋಮವಾರ ಮುರೀತೀನಿ, ನಿಮ್ಮ ಮಾತಿನ ಸಲುವಾಗಿ ನೀವು ನಿಮ್ದು ಮುರೀರಿ. ಇಬ್ಬರ್ದೂ ಅವನ ಮುಂದ ಸರೀಕ ಆಗ್ಲಿ."

ಡೇರೆಯಲ್ಲಿ ಯಾರೂ ನಗಲಿಲ್ಲ. ಸಾಹೇಬರು ತಮ್ಮ ಕೈಯಲ್ಲಿದ್ದ ಗ್ಲಾಸನ್ನು ಯಾರೋ ಅಲ್ಲಿ ತಂದಿಟ್ಟಂತೆ ನೋಡಿದರು. ವರದಿಗಾರ ಕ್ಯಾಮೆರಾ ಮತ್ತೆ ಎತ್ತಿದ್ದ.

"ಅದು ಹೆಂಗ ಬರ್ತದ್ರಿ ತಾಯಿ," ಎಂದರು. "ನಾ ನಿಮ್ಮ ಉಪವಾಸದಾಗ ಇಲ್ಲಲ್ಲ."

"ನೀವ ಅಂದೀರಂತ, ನಾವು ದೇವ್ರ ಎದುರು ಕುಂತೀವಿ ಅಂತ. ಅದ ಎದುರಿಗೆ ನೀವೂ ಬಂದೀರಿ ಈಗ. ವಿಚಾರ ಮಾಡ್ತೀನಿ ಅನ್ನೂ ಮಾತು ಗಟ್ಟಿ ಇದ್ರ ಒಂದ ಗುಟಕ ಕುಡೀರಿ. ಗಟ್ಟಿ ಇಲ್ಲಂದ್ರ ಬರದ ಕೊಡ್ರಿ. ಬರದ ಕೊಟ್ರ ನಿಮ್ಮ ಸೋಮವಾರ ನಿಮಗ ಇರ್ಲಿ."

ಸಾಹೇಬರು ಗ್ಲಾಸನ್ನು ತುಟಿಯ ಕಡೆ ತಂದದ್ದು ಖರೆ. ಮುದುಕಪ್ಪ ಕಣ್ಣಾರೆ ಕಂಡ. ನಿಂಬೆಯ ವಾಸನೆ ಹಸಿದ ಮೂಗಿಗೆ ಬಡಿದಿರಬೇಕು. ಮನೆಯಲ್ಲಿ ತಾಯಿಯೋ ಹೆಂಡತಿಯೋ, ಯಾರ ಮುಖ ಕಂಡಿತೋ ಯಾರಿಗೆ ಗೊತ್ತು. ಗ್ಲಾಸನ್ನು ತಟ್ಟೆಗೆ ಇಟ್ಟು, ಬೆರಳ ಮೇಲೆ ತುಳುಕಿದ ಹನಿಯನ್ನು ಕರವಸ್ತ್ರದಿಂದ ಒರೆಸಿಕೊಂಡು, ಗುಮಾಸ್ತನಿಗೆ, "ಆಸ್ಪತ್ರ್ಯಾಗ ಟೈಪ್ ಮಿಷಿನ್ ಐತೇನು ನೋಡ್ರಿ," ಎಂದರು.

ಟೈಪ್ ಮಿಷಿನ್ ಇತ್ತು, ರಿಬ್ಬನ್ ಒಣಗಿತ್ತು. ಸರ್ದಾರಬಿ ಅದಕ್ಕೆ ಸ್ಟಾಂಪ್ ಪ್ಯಾಡಿನ ಶಾಯಿ ಬಳಿದಳು. ಮುದುಕಪ್ಪ ಗುಮಾಸ್ತನ ಬೆನ್ನ ಹಿಂದೆ ನಿಂತು ಒಂದೊಂದು ಅಕ್ಷರ ಬೀಳುವುದನ್ನೂ ನೋಡುತ್ತ, ಮಧ್ಯೆ ಮಧ್ಯೆ ಬಾಗಿಲಿಗೆ ಹೋಗಿ ರಸ್ತೆ ನೋಡುತ್ತ, ಮತ್ತೆ ಬಂದು ನಿಲ್ಲುತ್ತ ಗುಮಾಸ್ತನಿಗೆ ಎರಡು ಸಲ ತಪ್ಪು ಹೊಡೆಸಿದ. ಸಹಿಯಾಯಿತು, ಮೊಹರು ಬಿತ್ತು. ಕಾಗದ ಗ್ಯಾನಮ್ಮನ ಕೈಗೆ ಬಂದ ಮೇಲೆ ಕಲ್ಯಾಣಮ್ಮ ತಟ್ಟೆಯ ಮೇಲಿನ ಅದೇ ಗ್ಲಾಸು ತೆಗೆದುಕೊಂಡಳು.

"ಅಕ್ಕಾರ, ಈಗ ಬ್ಯಾಡ ಬಿಡ್ರಿ, ಆದೇಶ ಬಂತಲ್ಲ," ಎಂದ ಮುದುಕಪ್ಪ.

"ಕುಡೀತೀನಿ ಅಂದೀನಿ," ಎಂದಳು ಅವಳು. ಕಣ್ಣು ಮುಚ್ಚಿ, ಔಷಧ ಕುಡಿಯುವವರ ಹಾಗೆ, ನಿಲ್ಲಿಸದೆ ಕುಡಿದಳು. ಫೋಟೋ ಬಿತ್ತು. ಅದರಲ್ಲಿ ಸಾಹೇಬರು ಮುಗುಳ್ನಗುತ್ತಿದ್ದರು. ಅವರ ಸೋಮವಾರ ಸುರಕ್ಷಿತವಾಗಿತ್ತು. ಉಳಿದ ನಾಲ್ವರು ಒಂದೊಂದು ಗುಟುಕು ನಾಲಿಗೆಗೆ ತಾಗಿಸಿ, ಗಲ್ಲ ಗಲ್ಲ ಬಡಿದುಕೊಂಡರು. ಡೇರೆ ಬಿಚ್ಚುವುದಕ್ಕೂ ಮಂತ್ರಿಗಳ ಕಾರು ಧೂಳೆಬ್ಬಿಸಿ ಹೋಗುವುದಕ್ಕೂ ಸರಿಹೋಯಿತು.

ಸಿಂಧನೂರಿನ ಬಸ್ಸಿನಲ್ಲಿ ಮುದುಕಪ್ಪ, ಕಲ್ಯಾಣಮ್ಮ, ಗ್ಯಾನಮ್ಮ ಮೂವರೂ ಒಂದೇ ಸೀಟಿನಲ್ಲಿ ಕೂತರು. ಗೆದ್ದ ಸಂಘದ ಕಾರ್ಯದರ್ಶಿ ಹೇಗಿರಬೇಕೋ ಹಾಗಿರಲು ಮುದುಕಪ್ಪನಿಗೆ ಆಗುತ್ತಿರಲಿಲ್ಲ. ಗ್ಯಾನಮ್ಮನಿಂದ ಕಾಗದ ಇಸಿದುಕೊಂಡು ಓದಿದ, ಕೊಟ್ಟ, ಮತ್ತೆ ಇಸಿದುಕೊಂಡ.

"'ಮುಂದಿನ ಆದೇಶದವರೆಗೆ' ಅಂತ ಹಾಕ್ಯಾರ," ಎಂದ. "ಇದರಾಗೇನೋ ಐತಿ. ನಾಳೀನ ಇನ್ನೊಂದು ಆದೇಶ ಮಾಡಿದ್ರ?"

"ಮಾಡಿದ್ರ ಮತ್ತ ಕುಂದ್ರೂಣ್ರಿ ಅಣ್ಣಾರ," ಎಂದಳು ಗ್ಯಾನಮ್ಮ. ಕಾಗದವನ್ನು ಅವನ ಕೈಯಿಂದ ಬಿಡಿಸಿಕೊಂಡು, ಮಡಚಿ ಕುಪ್ಪಸದೊಳಗೆ ಇಟ್ಟಳು. "ಬೇಸ್ತವಾರ ನಮ್ಮ ಮನಿಯವರಿಗೆ ರಜಾ ಐತಿ. ಬರ್ತಾರ." ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು.

ಕಲ್ಯಾಣಮ್ಮ ಲಿಂಗಸುಗೂರು ಬಿಟ್ಟಾಗಿನಿಂದ ಚೀಲವನ್ನು ಮಡಿಲಲ್ಲಿ ಹಿಡಿದು ಕೂತಿದ್ದಳು. ಸಂಘದ ಬಗ್ಗೆ ಕೇಳಿದರೂ ಹೂಂ ಅನ್ನಲಿಲ್ಲ, ನೀರು ಕೊಟ್ಟರೂ ತೆಗೆದುಕೊಳ್ಳಲಿಲ್ಲ. ಹೊಲಗಳ ಮೇಲೆ ಹೊತ್ತು ಇಳಿಯುತ್ತಿತ್ತು. ಮಸ್ಕಿಯಲ್ಲಿ ಬಸ್ಸು ನಿಂತಾಗ, ಗುಡ್ಡದ ಮೇಲಿನ ಮಲ್ಲಿಕಾರ್ಜುನನ ಗುಡಿಯಲ್ಲಿ ದೀಪ ಹಚ್ಚಿದ್ದು ಕೆಳಗಿನಿಂದಲೇ ಕಾಣುತ್ತಿತ್ತು. ಅವಳು ಚೀಲ ತೆಗೆದುಕೊಂಡು ಎದ್ದಳು.

"ನಾ ಇಲ್ಲೆ ಇಳೀತೀನಿ."

"ಮುಂದಿನ ಬಸ್ಸು ಸಿಗೂದು ತಡಾ ಆಕ್ಕತ್ರಿ ಅಕ್ಕಾರ."

ಅವಳು ಆಗಲೇ ಇಳಿದಿದ್ದಳು. ಮುದುಕಪ್ಪ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲು, ನೆಲದ ಮೇಲೆ ಒಂದು ಕಾಲು ಇಟ್ಟು ನಿಂತ. "ಲೇ, ಇಳೀತೀಯೋ ಹತ್ತತೀಯೋ?" ಎಂದು ಕಂಡಕ್ಟರ್ ಕೇಳಿದ. ಗ್ಯಾನಮ್ಮ ಕಿಟಕಿಯಿಂದ, "ನೀವು ಅಕ್ಕಾರ ಕೂಡ ಹೋಗ್ರಿ ಅಣ್ಣಾರ. ನಾ ನಾಳೆ ಹೊತ್ತೇರೂದ್ರಾಗ ಉಪಕೇಂದ್ರದ ಬಾಗಿಲಾ ತಗೀಬೇಕು," ಎಂದಳು. ಅವನು ಇಳಿದ. ಬಸ್ಸು ಅವಳನ್ನು ಕರೆದುಕೊಂಡು ಹೋಯಿತು.

ಕಲ್ಯಾಣಮ್ಮ ಮೆಟ್ಟಿಲ ಬುಡದಲ್ಲಿ ಚಪ್ಪಲಿ ಬಿಡುತ್ತಿದ್ದಳು.

"ನನ್ನ ಮ್ಯಾಲೆ ಸಿಟ್ಟೇನ್ರಿ?" ಎಂದು ಕೇಳಿದ.

"ನಿಮ್ಮ ಮ್ಯಾಲೆ ಯಾಕ? ಬಾಯಿ ನಂದು, ಕುಡದಾಕಿ ನಾನು." ಎರಡು ಮೆಟ್ಟಿಲು ಹತ್ತಿ ತಿರುಗಿ, "ನೀವೂ ಬರ್ರಿ. ಒಬ್ಬಾಕೀನ ಹೋಗಿ ಏನಂತ ಹೇಳ್ಲಿ ಅವಗ," ಎಂದಳು.

ಅವಳು ಮುಂದೆ ಹತ್ತಿದಳು, ಮುದುಕಪ್ಪ ಹಿಂದೆ. ದೇವರ ಮುಂದೆ ಮಾತಾಡಿ ಅವನಿಗೆ ರೂಢಿಯಿರಲಿಲ್ಲ. ಮಾನ್ಯರೇ ಎಂದು ಮನಸ್ಸಿನಲ್ಲಿ ಶುರು ಮಾಡಿದ. ನಮ್ಮ ಸಂಘದ ಉಪಾಧ್ಯಕ್ಷರು ಇಂದು ಮಧ್ಯಾಹ್ನ ಸದಸ್ಯರೊಬ್ಬರ ಹಿತದೃಷ್ಟಿಯಿಂದ, ಎಂದು ಒಂದಿಷ್ಟು ಮೆಟ್ಟಿಲು ಹತ್ತಿದ. ಅಷ್ಟರಲ್ಲಿ ಮಾತು ನಿಂತಿತು. ಕೊನೆಯಲ್ಲಿ ಬೇಡಿಕೆ ಎಂದು ಒಂದು ಇರಬೇಕಲ್ಲ. ಏನು ಬೇಡಬೇಕೆಂದು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಮುರಿದ ಸೋಮವಾರವನ್ನು ತಿರುಗಿ ಕೊಡುವುದು ಯಾವ ಕಚೇರಿಯ ಕೈಯಲ್ಲೂ ಇರಲಿಲ್ಲ. ಅವನು ಉಸಿರು ತೆಗೆದುಕೊಳ್ಳಲು ನಿಂತ.

"ಲಗೂ ಬರ್ರಿ ಕಾರ್ಯದರ್ಶಿಗಳ," ಎಂದು ಮೇಲಿನಿಂದ ಕಲ್ಯಾಣಮ್ಮ ಕರೆದಳು. "ಬಾಗಿಲಾ ಹಾಕ್ತಾರ."